ಬಾಗಿಲ ಕಡೆಯ ಚುಕ್ಕೆ

ಮೈಕ್ರೋಮೀಟರಿನ ಪೆಟ್ಟಿಗೆಯನ್ನು ಅಪ್ಪ ಪುಟ್ಟಿಯ ಕೈಗೆ ಕೊಟ್ಟದ್ದು ಬೆಳಗಿನ ತಿಂಡಿಯ ಹೊತ್ತಿಗೆ, ಮನೆಮಂದಿಯ ಎದುರಿಗೇ. ಪೀಠಿಕೆ ಏನೂ ಇರಲಿಲ್ಲ. ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತಾ, "ಇದು ಇನ್ನು ನಿನ್ನ ಹತ್ರಾನೇ ಇರ್ಲಿ," ಅಂದರು. ಬ್ರೆಡ್ಡು ಅವರ ಬಾಯಿಗೆ ಹೋಯಿತು, ಪೆಟ್ಟಿಗೆ ಪುಟ್ಟಿಯ ಮಡಿಲಿಗೆ ಹೋಯಿತು.

ಎದುರಿಗೆ ಕೂತಿದ್ದ ದೊಡ್ಡ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗೆ ವಾಪಸ್ಸಿಟ್ಟ.

ಅವನು ಮನೆಯ ಹಿರಿಮಗ. ದೊಡ್ಡವನು ಅಂತ ಕರೆಯಲು ಶುರುಮಾಡಿದ್ದು ಬಾಯಿಂದ ಬಾಯಿಗೆ ಸವೆದು ಬರೀ ದೊಡ್ಡ ಅಂತ ಉಳಿದಿತ್ತು. ವಯಸ್ಸು ನಲವತ್ತನಾಲ್ಕು. ಮನೆಗೆ ಅಂಟಿಕೊಂಡ ಷೆಡ್ಡಿನಲ್ಲಿ ಬೀದಿಯವರ ಗಾಡಿಗಳ ಬ್ರೇಕು, ಕ್ಲಚ್ಚು, ಆಯಿಲ್ಲು ನೋಡಿಕೊಂಡು ಸಂಸಾರ ತೂಗಿಸುತ್ತಿದ್ದವನು ಅವನೇ. ಅಪ್ಪ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಲೇತ್ ನಡೆಸಿ ನಿವೃತ್ತರಾದವರು. ಬೀದಿಗೆಲ್ಲ ಅವರು ‘ಟರ್ನರ್’. ಆ ಮರದ ಪೆಟ್ಟಿಗೆ, ಒಳಗಿನ ನೀಲಿ ಮಖಮಲ್ಲು, ಅದರ ಮೇಲೆ ಮಲಗಿದ, ಕೂದಲೆಳೆಯ ದಪ್ಪವನ್ನೂ ಹೇಳುವ ಆ ಅಳತೆಯ ಸಾಧನ ಅವರಿಗೆ ಆರನೇ ಬೆರಳಿದ್ದ ಹಾಗೆ. ದೊಡ್ಡ ಅದನ್ನು ಮುಟ್ಟಿದ್ದು ಜೀವಮಾನದಲ್ಲಿ ಮೂರು ಸಲ. ಮೂರು ಸಲವೂ "ಒರೆಸಿಡು" ಅಂತ ಹೇಳಿಸಿಕೊಂಡು.

ಪುಟ್ಟಿ ಅವನ ತಂಗಿ. ಮೂವತ್ತೊಂಬತ್ತಾದರೂ ಪುಟ್ಟಿಯೇ. ಹದಿನೆಂಟು ವರ್ಷ ಬೇರೆ ಊರಿನ ಕಾರ್ಖಾನೆಯ ಅಳತೆ ವಿಭಾಗದಲ್ಲಿ ದುಡಿದು, ಕಾರ್ಖಾನೆ ಮುಚ್ಚಿದ ಮೇಲೆ ಎರಡು ಸೂಟ್‌ಕೇಸು ಹಿಡಿದು ಮನೆಗೆ ಬಂದಿದ್ದಳು. ಟೈರು ಒಟ್ಟಲು ದೊಡ್ಡ ಬಳಸುತ್ತಿದ್ದ ಕೋಣೆಯನ್ನು ಅವಳಿಗೆ ಬಿಡಿಸಿಕೊಟ್ಟರು. ಟೈರುಗಳು ದೊಡ್ಡನ ಮಂಚದ ಕೆಳಗೆ ಬಂದವು.

"ಇನ್ನೊಂದು ತಿಂಗಳು ಹೋದ್ರೆ ನಾವೂ ಮಂಚದ ಕೆಳಗೇನೇ ರೀ," ಅಂದಿದ್ದಳು ಅವನ ಹೆಂಡತಿ. ಅವಳು ಸಮವಸ್ತ್ರ ಹೊಲಿಯುವ ಘಟಕದಲ್ಲಿ ಕೆಲಸ ಮಾಡುವವಳು. ಸೂಜಿಗಿಂತ ನಾಲಿಗೆ ಚುರುಕು.

ಈ ಪೆಟ್ಟಿಗೆಯ ಕೈಬದಲಿಗೆ ಕಾರಣ ‘ಅಜ್ಜಿ’. ಅಜ್ಜಿ ಅಂದರೆ ಅಪ್ಪನ ಹಳೇ ಕಾರು. ಅಪ್ಪ ಮದುವೆಯಾದ ವರ್ಷ ಕೊಂಡದ್ದು. ಆಗಲೇ ಅದು ಮೂರನೇ ಕೈಯ ಮಾಲು. ಹನ್ನೊಂದು ವರ್ಷದ ಹಿಂದೆ ಎಂಜಿನ್ನು ಲೊಟ ಲೊಟ ಸದ್ದು ಮಾಡಿ ನಿಂತಿತು. ಅಂದಿನಿಂದ ಷೆಡ್ಡಿನ ಮೂಲೆಯಲ್ಲಿ ಇಟ್ಟಿಗೆಯ ಮೇಲೆ ಕೂತಿತ್ತು. ಅಮ್ಮ ಅದರ ತಲೆಯ ಮೇಲೆ ಒದ್ದೆ ಬಟ್ಟೆ ಹರವುತ್ತಿದ್ದಳು. ಅಮ್ಮನ ಅಕ್ಕ ಗುಡ್ಡದಾಚೆ ಹಾಸಿಗೆ ಹಿಡಿದಿದ್ದಳು. "ಒಂದು ಸಲ ಆ ಕಾರಲ್ಲೇ ಹೋಗಿ ಅವಳನ್ನ ನೋಡ್ಕೊಂಡು ಬರ್ಬೇಕು ಕಣ್ರೀ. ನಮ್ಮ ಕಾರನ್ನ ತಗಡಿನ ಡಬ್ಬ ಅಂದೋಳು ಅವಳು," ಅಂತ ಅಮ್ಮ ಅಂದದ್ದೇ ನೆಪ. ಅಪ್ಪ ಎಂಜಿನ್ನು ಇಳಿಸಲು ಹೊರಟರು. ಹೊಸ ಬೇರಿಂಗುಗಳಿಗೆ ಎಲ್ಲೆಲ್ಲೋ ಬರೆದು, ನಾಲ್ಕು ತಿಂಗಳು ಕಾದು, ಕಡೆಗೆ ಯಾವುದೋ ಹಳೇ ಅಂಗಡಿಯ ಅಟ್ಟದಲ್ಲಿ ಉಳಿದಿದ್ದ ಒಂದೇ ಒಂದು ಜೊತೆ ತರಿಸಿಕೊಂಡರು.

"ದೊಡ್ಡ, ಎಂಜಿನ್ ಇಳಿಸು," ಅಂದಿದ್ದರು. ಇಳಿಸಿದ.

"ದೊಡ್ಡ, ತೊಳಿ," ಅಂದಿದ್ದರು. ಸೀಮೆಎಣ್ಣೆಯಲ್ಲಿ ತೊಳೆದ.

"ಪುಟ್ಟಿ, ಬಾ ಕೂರಿಸೋಣ," ಅಂದರು.

ಎಂಜಿನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಹೊಟ್ಟೆ ಮೇಲಾಗಿ ಮಲಗಿತ್ತು. ಒಳಗೆ ತಿರುಗುವ ದಪ್ಪನೆಯ ದಂಡವೇ ಕ್ರ್ಯಾಂಕು. ಅದು ಕೂರಲು ಸಾಲಾಗಿ ಐದು ಪೀಠ. ಪ್ರತಿ ಪೀಠಕ್ಕೂ ಮೇಲಿಂದ ಒಂದು ಮುಚ್ಚಳ, ಅದಕ್ಕೆ ಎರಡೆರಡು ಬೋಲ್ಟು. ಪೀಠಕ್ಕೊಂದು, ಮುಚ್ಚಳಕ್ಕೊಂದು ಅರ್ಧ ಬಳೆಯಂಥ ಬೇರಿಂಗು. ಪೀಠ ಮತ್ತು ಮುಚ್ಚಳವನ್ನು ಜೋಡಿಸಿಟ್ಟೇ ಒಟ್ಟಿಗೆ ಕೊರೆದಿರುತ್ತಾರೆ. ಹಾಗಾಗಿ ಯಾವ ಪೀಠದ ಮುಚ್ಚಳವೋ ಅದೇ ಪೀಠಕ್ಕೆ ಹೋಗಬೇಕು. ಮೊದಲನೆಯದು, ನಡುವಿನದು, ಕೊನೆಯದು ನೋಡಲು ಬೇರೆ ಬೇರೆ. ತಪ್ಪಿ ಹಾಕೋಣವೆಂದರೂ ಕೂರುವುದಿಲ್ಲ. ಎರಡನೆಯದು ಮತ್ತು ನಾಲ್ಕನೆಯದು ಮಾತ್ರ ಅವಳಿ ಮಕ್ಕಳ ಹಾಗೆ. ಅದಕ್ಕೇ ಇಪ್ಪತ್ತೆರಡು ವರ್ಷದ ಹಿಂದೆ ಎಂಜಿನ್ನು ಬಿಚ್ಚಿದಾಗ ಅಪ್ಪ ಪಂಚಿನಿಂದ ಒಂದಕ್ಕೆ ಒಂದು ಚುಕ್ಕೆ, ಇನ್ನೊಂದಕ್ಕೆ ಎರಡು ಚುಕ್ಕೆ ಹೊಡೆದಿದ್ದರು.

ಆ ಷೆಡ್ಡಿನಲ್ಲಿ ಯಾವುದನ್ನಾದರೂ ಎಣಿಸುವುದು ಬಾಗಿಲ ಕಡೆಯಿಂದ. ಬಾಗಿಲಿಂದ ಮೂರನೇ ಮೊಳೆಯಲ್ಲಿ ಹನ್ನೆರಡರ ಸ್ಪ್ಯಾನರು, ಬಾಗಿಲಿಂದ ಐದನೇ ಡಬ್ಬಿಯಲ್ಲಿ ವಾಷರು. ಅಪ್ಪನ ಕಾನೂನು ಅದು. ಕಣ್ಣು ಮುಚ್ಚಿಕೊಂಡರೂ ಕೈಗೆ ಸಿಗಬೇಕು.

ಬೇರಿಂಗು ಕೂರಿಸುವ ಹಿಂದಿನ ದಿನ ಯಾರದೋ ಸರಕು ವ್ಯಾನು ಬ್ರೇಕು ಕೆಲಸಕ್ಕೆ ಬಂತು. ಒಳಗೆ ಜಾಗ ಸಾಲಲಿಲ್ಲ. ಹೆಂಡತಿಯನ್ನು ಕರೆದ ದೊಡ್ಡ.

"ಆ ಕಡೆ ಹಿಡ್ಕೊ. ಸ್ಟ್ಯಾಂಡ್ ತಿರುಗಿಸಿ ಗೋಡೆಗೆ ಸೇರಿಸೋಣ."

"ಹೊಲಿಯೋ ಕೈ ಇದು, ಎತ್ತೋ ಕೈ ಅಲ್ಲ," ಅನ್ನುತ್ತಲೇ ಅವಳು ನೂಕಿದಳು. ಎಂಜಿನ್ನಿನ ಮೂತಿ ಗೋಡೆಗಿದ್ದದ್ದು ಬಾಗಿಲಿಗಾಯಿತು.

ಮಾರನೆಯ ಬೆಳಿಗ್ಗೆ ವ್ಯಾನಿನ ಅಡಿಯಲ್ಲಿ ದೊಡ್ಡ ಮಲಗಿದ್ದ. ಅಪ್ಪ ಸ್ಟೂಲಿನ ಮೇಲೆ, ಪುಟ್ಟಿ ಎಂಜಿನ್ನಿನ ಮೇಲೆ ಬಗ್ಗಿ.

"ಈ ಎರಡು ಮುಚ್ಚಳ ಒಂದೇ ಥರ ಇದ್ಯಲ್ಲಪ್ಪ?"

"ಚುಕ್ಕೆ ನೋಡು. ಒಂದು ಚುಕ್ಕೆ ಬಾಗಿಲ ಕಡೆ."

"ಸರಿ. ಅಂದ್ರೆ ಎಂಜಿನ್ ಮುಂಭಾಗದ್ದು ಒಂದು. ಎಲ್ಲ ಕಡೆ ಎಣಿಸೋದೂ ಮುಂಭಾಗದಿಂದಾನೇ."

ವ್ಯಾನಿನಡಿ ದೊಡ್ಡನ ಕೈಯ ಸ್ಪ್ಯಾನರು ನಿಂತಿತು. ಅಪ್ಪ ಆ ಚುಕ್ಕೆ ಹೊಡೆದಾಗ ಕಾರಿನ ಮೂತಿ ಗೋಡೆಗಿತ್ತು. ಎಂಜಿನ್ನು ಕಾರಿನಲ್ಲೇ ಇತ್ತು. ಕೆಳಗಿನ ಗುಂಡಿಗೆ ಇಳಿದು ಅಪ್ಪ ಪಂಚು ಹೊಡೆಯುವಾಗ ಲೈಟು ಹಿಡಿದವನು ಅವನೇ. "ಸರಿಯಾಗಿ ಹಿಡಿ, ನೆರಳು ಬೀಳ್ತಿದೆ," ಅಂತ ಆರು ಸಲ ಬೈಸಿಕೊಂಡಿದ್ದ. ಬಾಗಿಲ ಕಡೆ ಅಂದರೆ ಆಗ ಎಂಜಿನ್ನಿನ ಹಿಂಭಾಗ.

ಅವನು ವ್ಯಾನಿನಡಿಯಿಂದ ತಲೆ ಹೊರಗೆ ಹಾಕಿದ. "ಅಪ್ಪ, ಆ ಚುಕ್ಕೆ..."

"ನೀನು ನಿನ್ನ ಬ್ರೇಕ್ ನೋಡ್ಕೊಳ್ಳೋ ಮಾರಾಯ. ಇದು ಅಳತೆ ಕೆಲಸ."

ದೊಡ್ಡ ತನ್ನ ತಲೆ ಒಳಗೆ ಎಳೆದುಕೊಂಡ.

ಬೋಲ್ಟುಗಳನ್ನು ಬಿಗಿಯುವವರೆಗೆ ಕ್ರ್ಯಾಂಕು ಸಲೀಸಾಗಿ ತಿರುಗಿತು. ಬಿಗಿದ ಮೇಲೆ ಸಿಮೆಂಟು ಹಾಕಿದ ಹಾಗೆ ನಿಂತಿತು. ಅಪ್ಪ ತಿರುಗಿಸಿದರು, ಪುಟ್ಟಿ ತಿರುಗಿಸಿದಳು, ಇಬ್ಬರೂ ಸೇರಿ ಉದ್ದನೆಯ ಸಲಾಕೆ ಹಾಕಿದರು. ಊಹೂಂ.

"ಬೇರಿಂಗ್ ತಪ್ಪು ಕಳಿಸಿದ್ದಾನೆ," ಅಂದರು ಅಪ್ಪ.

"ಅಳೆದು ನೋಡ್ತೀನಿ," ಅಂದಳು ಪುಟ್ಟಿ.

ಮೊದಲ ವಾರ ಅವಳು ಅಳೆದದ್ದೇ ಅಳೆದದ್ದು. ಹೊಸ ಬೇರಿಂಗಿನ ದಪ್ಪ, ಹಳೆಯದರ ದಪ್ಪ, ಪೀಠಗಳಲ್ಲಿ ಕೂರುವ ಕ್ರ್ಯಾಂಕಿನ ಐದು ಕುತ್ತಿಗೆ. ಎಲ್ಲವನ್ನೂ ಪೆನ್ಸಿಲಿನಲ್ಲಿ ಪುಸ್ತಕವೊಂದಕ್ಕೆ ಬರೆದಳು. ಮೇಣದಂಥ ಹಸಿರು ಎಳೆಯೊಂದನ್ನು ಸಂದಿನಲ್ಲಿಟ್ಟು ಬಿಗಿದು ಬಿಚ್ಚಿದಳು. ಎಳೆ ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆ ಎನ್ನುವುದರ ಮೇಲೆ ಸಂದು ಗೊತ್ತಾಗುತ್ತದೆ. ಮೂರು ಪೀಠದಲ್ಲಿ ಎಳೆ ಒಂದೇ ಸಮ ಇತ್ತು. ಎರಡನೆಯದರಲ್ಲಿ ಮತ್ತು ನಾಲ್ಕನೆಯದರಲ್ಲಿ ಒಂದು ಪಕ್ಕ ಅಪ್ಪಚ್ಚಿಯಾಗಿತ್ತು, ಇನ್ನೊಂದು ಪಕ್ಕ ಹಾಗೇ ಉಳಿದಿತ್ತು. ಬೇರಿಂಗುಗಳಲ್ಲಿ ದೋಷವಿರಲಿಲ್ಲ. ಕ್ರ್ಯಾಂಕೂ ಬಾಗಿರಲಿಲ್ಲ.

ಮನೆಯಲ್ಲಿ ಮಾತೆಲ್ಲ ಅದರದೇ. ಊಟಕ್ಕೆ ಕೂತರೆ ಅಪ್ಪನ ಪಕ್ಕದ ಕುರ್ಚಿ ಪುಟ್ಟಿಗೆ. ಇಬ್ಬರ ನಡುವೆ ತಟ್ಟೆ, ಪಕ್ಕದಲ್ಲಿ ಆ ಪುಸ್ತಕ. ಅಮ್ಮ ಮೊಟ್ಟೆ ತಂದಳೆಂದರೆ ಮೊದಲನೆಯದು ಪುಟ್ಟಿಗೇ ಬೀಳುತ್ತಿತ್ತು.

"ಪಾಪ, ಅಲ್ಲಿ ಒಬ್ಬಳೇ ಇದ್ದು ಏನು ತಿಂದ್ಲೋ ಏನೋ."

"ಅಮ್ಮ, ಅವಳು ಬಂದು ಐದು ತಿಂಗಳಾಯ್ತು," ಅಂದ ದೊಡ್ಡ.

"ಲೆಕ್ಕ ಇಟ್ಟಿದ್ದೀಯಾ?" ಅಂದಳು ಅಮ್ಮ.

ಪುಟ್ಟಿ ನಕ್ಕು ತನ್ನ ಮೊಟ್ಟೆಯನ್ನು ಅರ್ಧ ಮಾಡಿ ಅವನ ತಟ್ಟೆಗೆ ಹಾಕಿದಳು. ಅದು ಅವನಿಗೆ ಇನ್ನೂ ಕೆಟ್ಟದಾಯಿತು. ತಿನ್ನದೆ ಬಿಟ್ಟರೆ ಚಿಕ್ಕವನಾಗುತ್ತಿದ್ದ, ತಿಂದರೆ ಭಿಕ್ಷೆಯಾಗುತ್ತಿತ್ತು. ತಿಂದ.

ರವಿವಾರ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೆಂಡತಿ ಪುಟ್ಟಿಯ ಗ್ರೀಸು ಮೆತ್ತಿದ ಅಂಗಿಯನ್ನು ಕುಕ್ಕುತ್ತಿದ್ದಳು.

"ಹತ್ತೊಂಬತ್ತು ವರ್ಷ ನಿಮ್ಮ ಅಂಗಿ ಒಗ್ದೆ. ಅದರಲ್ಲೂ ಇದೇ ಗ್ರೀಸು. ಮಾವ ಒಂದಿನ ಆದ್ರೂ ಕರ್ದು ಪಕ್ಕದಲ್ಲಿ ಕೂರಿಸ್ಕೊಂಡ್ರಾ? ನಿಮ್ಮನ್ನ ಕರೆಯೋದು ಭಾರ ಎತ್ತೋಕೆ."

"ಸುಮ್ನಿರೆ."

"ನಾನು ಸುಮ್ನೇ ಇದ್ದೀನಿ. ಅಂಗಿ ಮಾತಾಡ್ತಿರೋದು."

ದೊಡ್ಡ ತನ್ನ ಮನಸ್ಸಿನಲ್ಲೇ ಒಂದು ಕರಾರು ಮಾಡಿಕೊಂಡಿದ್ದ. ಅಪ್ಪ ಒಂದು ಸಲ, ಒಂದೇ ಒಂದು ಸಲ, ನಿನಗೇನಾದರೂ ಗೊತ್ತೇನೋ ಅಂತ ಕೇಳಲಿ. ತಕ್ಷಣ ಹೇಳಿಬಿಡುವುದು.

ಎರಡನೇ ವಾರ ಅಪ್ಪ ಕೇಳಿಯೇಬಿಟ್ಟರು. ಆದರೆ ಕೇಳಿದ ರೀತಿ ಬೇರೆಯಾಗಿತ್ತು.

ಮಧ್ಯಾಹ್ನ ಪುಟ್ಟಿ ಕೈ ಒರೆಸಿಕೊಳ್ಳುತ್ತಾ, "ಅಪ್ಪ, ಬೇಜಾರು ಮಾಡ್ಕೋಬೇಡ. ಆ ಎರಡು ಮುಚ್ಚಳ ಅದಲು ಬದಲು ಆಗಿರ್ಬಹುದಾ?" ಅಂದಳು.

ಅಪ್ಪನ ಮುಖ ಕೆಂಪಗಾಯಿತು. "ಆ ಚುಕ್ಕೆ ಹೊಡೆದೋನು ನಾನು! ವಯಸ್ಸಾಗಿದೆ ಅಂತ ತಲೇನೂ ಹೋಗಿದೆ ಅನ್ಕೊಂಡ್ಯಾ? ಲೈಟ್ ಹಿಡಿದೋನು ಇಲ್ಲೇ ಇದ್ದಾನೆ. ಲೋ ದೊಡ್ಡ! ಒಂದು ಚುಕ್ಕೆ ಯಾವ ಕಡೇದೋ?"

ದೊಡ್ಡ ಒಂದು ಟೈರಿಗೆ ಗಾಳಿ ತುಂಬಿಸುತ್ತಿದ್ದ. ಪುಟ್ಟಿ ಅವನನ್ನೇ ನೋಡುತ್ತಿದ್ದಳು. ಅವಳ ಮಡಿಲಲ್ಲಿ ಪೆಟ್ಟಿಗೆ ತೆರೆದುಕೊಂಡಿತ್ತು, ನೀಲಿ ಮಖಮಲ್ಲು ಕಾಣುತ್ತಿತ್ತು.

"ಬಾಗಿಲ ಕಡೇದು," ಅಂದ ದೊಡ್ಡ.

"ಕೇಳಿಸ್ತಾ?" ಅಂದರು ಅಪ್ಪ.

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ದೊಡ್ಡ ಅದನ್ನೇ ಆ ದಿನವಿಡೀ ತನಗೆ ತಾನೇ ಹೇಳಿಕೊಂಡ. ಕೇಳಿದರು, ಹೇಳಿದೆ, ಇನ್ನೇನು?

ಆಮೇಲೆ ಅಪ್ಪ ಮಗಳ ನಡುವೆ ಜಗಳ ಶುರುವಾಯಿತು. ಅಪ್ಪ ಬೇರಿಂಗನ್ನು ಕೆರೆಯುವ ಉಳಿ ಹಿಡಿದುಕೊಂಡು ಬಂದರು.

"ನಮ್ಮ ಕಾಲದಲ್ಲಿ ಕೈಯಲ್ಲೇ ಕೆರೆದು ಕೂರಿಸ್ತಿದ್ವಿ. ಎರಡು ಗಂಟೆ ಕೆಲಸ."

"ಇದರ ಮೇಲಿರೋದು ಕಾಗದದಷ್ಟು ತೆಳು ಲೇಪ ಅಪ್ಪ. ಕೆರೆದ್ರೆ ಮುಗೀತು. ಇದು ಬಿಟ್ರೆ ಇನ್ನೊಂದು ಜೊತೆ ಎಲ್ಲೂ ಇಲ್ಲ."

"ಕಾಗದ ಓದ್ಕೊಂಡು ಬಂದೋರಿಗೆ ಎಲ್ಲಾ ಕಾಗದವೇ."

"ಉಳಿ ಕೊಡಪ್ಪ."

"ನೀನು ಮೈಕ್ರೋಮೀಟರ್ ಸರಿಯಾಗಿ ಓದಿದ್ದೀಯಾ ಅಂತ ನೋಡ್ಕೊ ಮೊದ್ಲು!"

ಆ ದಿನ ದೊಡ್ಡ ಎರಡು ಸಲ ಅನ್ನ ಹಾಕಿಸಿಕೊಂಡ. ಆಲೂಗಡ್ಡೆ ಪಲ್ಯ ಇಷ್ಟು ರುಚಿಯಾಗಿದ್ದದ್ದು ನೆನಪಿರಲಿಲ್ಲ. ಅಪ್ಪ ಒಂದು ಕೊನೆಯಲ್ಲಿ ಕೂತು ಉಂಡರು, ಪುಟ್ಟಿ ಇನ್ನೊಂದು ಕೊನೆಯಲ್ಲಿ. ಹೆಂಡತಿ ಗಂಡನ ತಟ್ಟೆಯನ್ನು ನೋಡಿದಳು, ಅವನ ಮುಖವನ್ನು ನೋಡಿದಳು, ಪಲ್ಯದ ಪಾತ್ರೆಗೆ ಮುಚ್ಚಳ ಹಾಕಿದಳು.

ಪುಟ್ಟಿ ಸೊರಗಿದಳು. ಅದೇ ಕುತ್ತಿಗೆಯನ್ನು ಹತ್ತು ಸಲ ಅಳೆಯುತ್ತಿದ್ದಳು. ಓದಿದ್ದನ್ನು ನಂಬದೆ ಕಿಟಕಿಯ ಹತ್ತಿರ ಒಯ್ದು ಮತ್ತೆ ಓದುತ್ತಿದ್ದಳು. ಒಂದು ದಿನ ಯಾರಿಗೂ ಹೇಳದೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ಬಂದಳು. ಕೇಳಿದ್ದಕ್ಕೆ "ಸುಮ್ನೆ, ಪೇಟೆಗೆ" ಅಂದಳು.

ಮೂರನೇ ವಾರದ ಕೊನೆಗೆ, ಶನಿವಾರ ರಾತ್ರಿ ಊಟಕ್ಕೆ ಕೂತಾಗ, ತೀರ್ಮಾನವಾಯಿತು. ಸೋಮವಾರ ಎಂಜಿನ್ನನ್ನು ಪೇಟೆಯ ಬೋರಿಂಗ್ ಯಂತ್ರದವನ ಹತ್ತಿರ ಒಯ್ಯುವುದು. ಮುಚ್ಚಳಗಳ ಮುಖವನ್ನು ಒಂದಿಷ್ಟು ಕತ್ತರಿಸಿ ತೆಗೆಸಿ ಐದೂ ಪೀಠವನ್ನು ಹೊಸದಾಗಿ ಕೊರೆಸುವುದು.

"ಮುಖ ತೆಗೆದ ಮೇಲೆ ಹೆಚ್ಚುಕಮ್ಮಿ ಆದ್ರೆ?" ಕೇಳಿದಳು ಅಮ್ಮ.

"ಆದ್ರೆ ಬಟ್ಟೆ ಒಣಗಿಸೋಕೆ ಕಾರು ಇದ್ದೇ ಇದ್ಯಲ್ಲ," ಅಂದರು ಅಪ್ಪ. ಕಬ್ಬಿಣ ಕತ್ತರಿಸಿದ ಮೇಲೆ ವಾಪಸ್ಸು ಅಂಟುವುದಿಲ್ಲ ಅನ್ನುವುದು ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಅವರಿಗೇ. ಅಷ್ಟು ಹೇಳಿ ಅವರು ಎದ್ದು ಪುಟ್ಟಿಯ ಮಡಿಲಿಂದ ಪೆಟ್ಟಿಗೆಯನ್ನು ಎತ್ತಿಕೊಂಡರು. ಮೇಜು ಸುತ್ತಿ ಬಂದು ದೊಡ್ಡನ ತಟ್ಟೆಯ ಪಕ್ಕದಲ್ಲಿ ಇಟ್ಟರು.

"ನಾಳೆ ನೀನೊಂದು ಸಲ ಅಳೆದು ನೋಡು. ಇವಳ ಕಣ್ಣು ನಂಬಿ ಕೆಟ್ಟೆ."

ಪುಟ್ಟಿ ಖಾಲಿಯಾದ ಮಡಿಲನ್ನು ನೋಡಿಕೊಂಡಳು. ಆಮೇಲೆ ಎಲ್ಲರ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ರವಿವಾರ ಬೆಳಿಗ್ಗೆ ಷೆಡ್ಡಿನಲ್ಲಿ ದೊಡ್ಡ ಒಬ್ಬನೇ. ನಲವತ್ತನಾಲ್ಕು ವರ್ಷ ಕಾದ ಪೆಟ್ಟಿಗೆ ಮುಂದಿತ್ತು. ಕೈ ತೊಳೆದು, ಒರೆಸಿ, ತೆರೆದ. ಮೈಕ್ರೋಮೀಟರನ್ನು ಎತ್ತಿದಾಗ ಮಖಮಲ್ಲಿನ ಅಂಚಿನಲ್ಲಿ ಮಡಚಿಟ್ಟ ಚೀಟಿಯೊಂದು ಕಂಡಿತು. ಕಣ್ಣಾಸ್ಪತ್ರೆಯದು. ಮೇಲೆ ಪುಟ್ಟಿಯ ಪೂರ್ತಿ ಹೆಸರು, ಮನೆಯಲ್ಲಿ ಯಾರೂ ಕರೆಯದ ಹೆಸರು. ಕೆಳಗೆ ವೈದ್ಯರ ಕೈಬರಹದಲ್ಲಿ ಒಂದೇ ಸಾಲು: ಎರಡೂ ಕಣ್ಣು ಸರಿಯಾಗಿವೆ, ಕನ್ನಡಕ ಬೇಡ.

ಅವನು ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಅಳೆಯಲು ಶುರುಮಾಡಿದ. ಐದು ಕುತ್ತಿಗೆ, ಹತ್ತು ಬೇರಿಂಗು. ಪ್ರತಿ ಸಲವೂ ಅವಳ ಪುಸ್ತಕದ ಅಂಕಿಯೇ ಬಂತು, ಕೂದಲೆಳೆಯೂ ಆಚೀಚೆ ಇಲ್ಲ. ಪೆಟ್ಟಿಗೆ ಮುಚ್ಚಿದ. ಕ್ರ್ಯಾಂಕನ್ನು ಪೀಠಗಳ ಮೇಲೆ ಕೂರಿಸಿ, ಎರಡನೇ ಮುಚ್ಚಳ ಎತ್ತಿಕೊಂಡ, ನಾಲ್ಕನೆಯದು ಎತ್ತಿಕೊಂಡ. ಅದನ್ನು ಇಲ್ಲಿಗೆ, ಇದನ್ನು ಅಲ್ಲಿಗೆ, ಉಳಿದ ಮೂರನ್ನು ಅವುಗಳ ಜಾಗಕ್ಕೆ. ಬಿಗಿದ. ಕ್ರ್ಯಾಂಕಿನ ಮೂತಿಗೆ ಎರಡು ಬೆರಳು ಹಾಕಿ ನೂಕಿದ. ಎಣ್ಣೆಯಲ್ಲಿ ತೇಲಿದ ಹಾಗೆ ಒಂದು ಸುತ್ತು ತಿರುಗಿ, ಅದರ ಮೇಲೆ ಅರ್ಧ ಸುತ್ತು ತಾನಾಗಿ ತಿರುಗಿತು.

ಬಾಗಿಲಲ್ಲಿ ಅಪ್ಪ ನಿಂತಿದ್ದರು.

"ಅಯ್ಯೋ ಶಿವನೆ! ಏನು ಮಾಡ್ದೆಯೋ?"

"ಆ ಎರಡು ಮುಚ್ಚಳ ಅದಲು ಬದಲು ಮಾಡ್ದೆ."

ಯಾಕೆ, ಹೇಗೆ ಅಂತ ಅಪ್ಪ ಕೇಳಲಿಲ್ಲ. ಅಂಗಳಕ್ಕೆ ಓಡಿದರು. "ಲೇ, ಕೇಳಿಸ್ತಾ? ನಿನ್ನ ಮಗ ತಿರುಗಿಸಿಬಿಟ್ಟ!" ಪಕ್ಕದ ಮನೆಯವರಿಗೂ ಕೇಳಿಸಿತು.

ಮಧ್ಯಾಹ್ನ ಅಪ್ಪನ ಪಕ್ಕದ ಕುರ್ಚಿ ದೊಡ್ಡನದಾಯಿತು. ಮೊದಲ ಮೊಟ್ಟೆ ಅವನಿಗೆ ಬಿತ್ತು. ಎರಡನೆಯದೂ ಬಿತ್ತು. ಅಪ್ಪ ಅವನ ಬೆನ್ನು ತಟ್ಟುತ್ತಾ, "ಕೈ ಅಂದ್ರೆ ಇದು. ಯಾವ ಪುಸ್ತಕವೂ ಬೇಡ," ಅನ್ನುತ್ತಿದ್ದರು. ದೊಡ್ಡ ತಿನ್ನುತ್ತಿದ್ದ. ಜೇಬಿನ ಚೀಟಿ ಎದೆಗೆ ಚುಚ್ಚುತ್ತಿತ್ತು. ಎದುರಿಗೆ ಕೂತ ಹೆಂಡತಿ ಅನ್ನ ಕಲಸುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು. ಸ್ಟ್ಯಾಂಡಿನ ಆ ಕಡೆ ಹಿಡಿದಿದ್ದವಳು ಅವಳು. ಮಾತು ಅವಳ ತುಟಿಯವರೆಗೆ ಬಂದು ಕೂತಿದ್ದು ಅವನಿಗೆ ಕಾಣುತ್ತಿತ್ತು.

"ಚೆನ್ನಾಗಿ ತಿರುಗ್ತಿದೆ ಅಣ್ಣ," ಅಂದಳು ಪುಟ್ಟಿ. "ನೋಡ್ಕೊಂಡು ಬಂದೆ." ನಿಜವಾಗಿಯೇ ಹೇಳಿದಳು.

"ನೋಡಿ ಕಲಿ," ಅಂದರು ಅಪ್ಪ ಅವಳ ಕಡೆ ತಿರುಗಿ. "ಹದಿನೆಂಟು ವರ್ಷ ಅಲ್ಲಿ ಏನು ಅಳೀತಿದ್ದೆಯೋ! ಹೋಗಿ ಕಣ್ಣು ತೋರಿಸ್ಕೊಂಡು ಬಾ."

"ತೋರಿಸ್ಕೊಂಡು ಬಂದಾಯ್ತು," ಅಂದಳು ಪುಟ್ಟಿ ತಟ್ಟೆ ನೋಡುತ್ತಾ.

ದೊಡ್ಡ ಎಡಗೈಯಲ್ಲಿ ಜೇಬಿನ ಚೀಟಿ ತೆಗೆದು ಅಪ್ಪನ ಮುಂದೆ ಇಟ್ಟ.

"ಅವಳ ಕಣ್ಣು ಸರಿ ಇದೆ ಅಪ್ಪ. ಅಳತೇನೂ ಸರಿ ಇದೆ. ಸ್ಟ್ಯಾಂಡ್ ತಿರುಗಿಸಿದ್ದು ನಾನು. ಕೂರಿಸೋ ಹಿಂದಿನ ದಿನ. ನೀನು ಚುಕ್ಕೆ ಹೊಡೆದಾಗ ಎಂಜಿನ್ ಮೂತಿ ಗೋಡೆಗಿತ್ತು, ಈಗ ಬಾಗಿಲಿಗಿದೆ."

ಅಪ್ಪನ ಕೈ ಅವನ ಬೆನ್ನಿನ ಮೇಲೇ ಇತ್ತು.

"ಇವತ್ತು ಹೊಳೀತಾ ನಿಂಗೆ?"

"ಮೊದಲನೇ ದಿನಾನೇ ಗೊತ್ತಿತ್ತು."

"ನಾನು ಕೇಳ್ದಾಗ?"

"ಆಗ್ಲೂ ಗೊತ್ತಿತ್ತು."

ಕೈ ಬೆನ್ನಿನಿಂದ ಇಳಿಯಿತು. ಅಪ್ಪ ಎದ್ದರು. ತಟ್ಟೆಯಲ್ಲಿ ಅನ್ನ ಅರ್ಧ ಉಳಿದಿತ್ತು.

"ಊಟ ಬಿಟ್ಟು ಏಳ್ಬೇಡ್ರೀ," ಅಂದಳು ಅಮ್ಮ. ಅವರು ಹೋದರು.

ಪುಟ್ಟಿ ಚೀಟಿಯನ್ನು ತನ್ನ ಕಡೆ ಎಳೆದುಕೊಂಡು ಮಡಚಿದಳು. ಆಮೇಲೆ ಅಂದಳು: "ಮೂರು ವಾರ ಅಣ್ಣ. ನನ್ನ ಕೈ ನನಗೇ ನಂಬಿಕೆ ಇಲ್ದಂಗೆ ಆಗೋಯ್ತು. ಕೆಲಸ ಹೋಗಿತ್ತು, ಪರವಾಗಿಲ್ಲ. ಅಳೆಯೋಕೆ ಬರುತ್ತೆ ಅನ್ನೋದು ಒಂದು ಉಳ್ಕೊಂಡಿತ್ತು. ಅದನ್ನೂ..."

"ಪುಟ್ಟಿ..."

"ಪೆಟ್ಟಿಗೆ ಬೇಕು ಅಂದಿದ್ರೆ ಕೊಡ್ತಿದ್ದೆ. ಅದು ಬರೀ ಪೆಟ್ಟಿಗೆ."

ಅವಳು ಕೈ ತೊಳೆಯಲು ಹೋದಳು. ಹೆಂಡತಿ ಗಂಡನ ತಟ್ಟೆಯಲ್ಲಿದ್ದ ಎರಡನೇ ಮೊಟ್ಟೆಯನ್ನು ಎತ್ತಿ ಪಾತ್ರೆಗೆ ಹಾಕಿದಳು. "ನೀವು ಹೇಳ್ದೆ ಇದ್ದಿದ್ರೆ ನಾನು ಹೇಳ್ತಿದ್ದೆ. ಉಪ್ಪು ಬೇಕಾ?" ಅಂದಳು.

ಸೋಮವಾರ ಬೋರಿಂಗಿನವನ ಹತ್ತಿರ ಯಾರೂ ಹೋಗಲಿಲ್ಲ. ಮೂರು ದಿನ ಅಪ್ಪ ಅವನ ಜೊತೆ ಮಾತಾಡಲಿಲ್ಲ. ಏನಾದರೂ ಬೇಕಾದರೆ ಗೋಡೆಗೆ ಹೇಳುವ ಹಾಗೆ ಹೇಳುತ್ತಿದ್ದರು: "ಈ ಮನೇಲಿ ಯಾರಾದ್ರೂ ನೀರು ಕೊಡ್ತಾರಾ?" ದೊಡ್ಡ ಕೊಡುತ್ತಿದ್ದ. ದೊಡ್ಡ ಷೆಡ್ಡಿನಿಂದ ತಂದಿಟ್ಟ ಪೆಟ್ಟಿಗೆ ಊಟದ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಅಮ್ಮ ಒರೆಸುವಾಗ ಎತ್ತಿ ಮತ್ತೆ ಅಲ್ಲೇ ಇಡುತ್ತಿದ್ದಳು. ದೊಡ್ಡ ಒಂದು ಬೆಳಿಗ್ಗೆ ಮಂಚದಡಿಯ ಟೈರುಗಳನ್ನು ಷೆಡ್ಡಿನ ಹಿಂದಕ್ಕೆ ಉರುಳಿಸಿಕೊಂಡು ಹೋಗಿ, ತಗಡು ಹೊದಿಸಿ ಬಂದ. ಯಾರೂ ಹೇಳಿರಲಿಲ್ಲ.

ನಾಲ್ಕನೇ ದಿನ ಅವನು ಕ್ಲಚ್ಚಿನ ತಂತಿ ಎಳೆಯುತ್ತಿದ್ದಾಗ ಎಂಜಿನ್ನಿನ ಕಡೆಯಿಂದ ದನಿ ಬಂತು.

"ಲೈಟ್ ಹಿಡಿ ಸ್ವಲ್ಪ."

ಅಣ್ಣ ಅಂತ ಇರಲಿಲ್ಲ. ಅವನು ಕೆಲಸ ಬಿಟ್ಟು ಹೋದ. ಪುಟ್ಟಿಯ ಒಂದು ಕೈಯಲ್ಲಿ ಪಂಚು, ಇನ್ನೊಂದರಲ್ಲಿ ಸುತ್ತಿಗೆ. ಚುಕ್ಕೆಯ ಪಕ್ಕದಲ್ಲಿ ಎರಡೂ ಮುಚ್ಚಳದ ಮೇಲೆ ಸೀಮೆಸುಣ್ಣದ ಕಡ್ಡಿಯಿಂದ ಬಾಣದ ಗುರುತು, ಅದರ ಪಕ್ಕ ಎಂಜಿನ್ನಿನ ಮೂತಿಯಿಂದ ಎಣಿಸಿದ ಅಂಕಿ, ಒಂದಕ್ಕೆ ಎರಡು, ಇನ್ನೊಂದಕ್ಕೆ ನಾಲ್ಕು, ಬರೆದಿದ್ದಳು. ಎರಡು ಬಾಣದ ಮೂತಿಯೂ ಎಂಜಿನ್ನಿನ ಮೂತಿಯ ಕಡೆಗೆ. ಕಾರು ಎತ್ತ ನಿಂತರೂ, ಸ್ಟ್ಯಾಂಡು ಎತ್ತ ತಿರುಗಿದರೂ, ಯಾರು ಹೇಳಿದರೂ ಹೇಳದಿದ್ದರೂ ಅದು ತಪ್ಪುವಂತಿರಲಿಲ್ಲ.

ತಂತಿಯ ದೀಪವನ್ನು ದೊಡ್ಡ ಎತ್ತಿ ಹಿಡಿದ. ಅವಳು ಬಗ್ಗಿದಳು, ಸುತ್ತಿಗೆ ಎತ್ತಿದಳು, ಹೊಡೆಯದೆ ನಿಲ್ಲಿಸಿದಳು.

"ಸರಿಯಾಗಿ ಹಿಡಿ. ನೆರಳು ಬೀಳ್ತಿದೆ."

ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದ ಅಪ್ಪ ತಲೆ ಎತ್ತಿದರು.

ದೊಡ್ಡ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ನೆರಳು ಮುಚ್ಚಳದ ಮೇಲಿಂದ ಜಾರಿ ನೆಲಕ್ಕೆ ಬಿತ್ತು.

"ಈಗ?" ಅಂದ.

"ಹೂಂ," ಅಂದಳು ಪುಟ್ಟಿ, ಮತ್ತು ಹೊಡೆದಳು.